ಮಕ್ಕಳ ಟೆನ್ಶನ್ ಇಳಿಸುವ ಕೈಕೆಲಸಗಳು: ಮನೆಯಲ್ಲೇ ಮಾಡಿಸಲು ಸಮಗ್ರ ಮಾರ್ಗದರ್ಶಿ

ಮಕ್ಕಳಿಗೆಂಥ ಟೆನ್ಶನ್ ಅಂತ ದೊಡ್ಡವರು ಸುಲಭವಾಗಿ ಅಂದುಬಿಡುತ್ತೇವೆ. ಆದರೆ ಪರೀಕ್ಷೆ, ಗೆಳೆಯರ ಜೊತೆ ಜಗಳ, ಹೊಸ ಶಾಲೆ, ಮನೆಯಲ್ಲಿ ದೊಡ್ಡವರ ಏರುದನಿ, ಹೀಗೆ ಮಗುವಿನ ಮನಸ್ಸನ್ನು ಹಿಂಡುವ ಸಂಗತಿಗಳು ಬೇಕಾದಷ್ಟಿವೆ. ‘ನನಗೆ ಒತ್ತಡ ಆಗ್ತಿದೆ’ ಎಂದು ಮಗು ಬಾಯಿಬಿಟ್ಟು ಹೇಳುವುದು ಕಡಿಮೆ. ಹೊಟ್ಟೆ ನೋವು ಅನ್ನುತ್ತದೆ. ಉಗುರು ಕಚ್ಚುತ್ತದೆ. ರಾತ್ರಿ ನಿದ್ದೆ ಮಾಡದೆ ಹೊರಳಾಡುತ್ತದೆ. ಸಣ್ಣ ಮಾತಿಗೂ ರೇಗುತ್ತದೆ.

ಇಂಥ ಹೊತ್ತಿನಲ್ಲಿ ‘ಸಮಾಧಾನ ಮಾಡ್ಕೋ’ ಎಂದು ಹೇಳಿದರೆ ಏನೂ ಆಗುವುದಿಲ್ಲ. ಸಮಾಧಾನ ಮಾಡಿಕೊಳ್ಳುವುದು ಹೇಗೆ ಎಂಬುದೇ ಮಗುವಿಗೆ ಗೊತ್ತಿಲ್ಲವಲ್ಲ! ಕೈಗೆ ಒಂದು ಕೆಲಸ ಕೊಟ್ಟರೆ ಅದು ದಾರಿ ತೋರಿಸುತ್ತದೆ. ನಾದುವುದು, ಸುತ್ತುವುದು, ನೇಯುವುದು ಇವೆಲ್ಲ ಒಂದೇ ಚಲನೆ ಮತ್ತೆ ಮತ್ತೆ ಬರುವ ಕೆಲಸಗಳು. ಮುಂದೇನು ಮಾಡಬೇಕು ಎಂಬುದು ಕೈಗೆ ಗೊತ್ತಿರುತ್ತದೆ. ಹಾಗಾಗಿ ತಲೆಯಲ್ಲಿ ಸುತ್ತುತ್ತಿರುವ ಚಿಂತೆಗೆ ಜಾಗ ಕಡಿಮೆಯಾಗುತ್ತದೆ, ಉಸಿರು ತಾನಾಗಿ ನಿಧಾನವಾಗುತ್ತದೆ.

ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇಲ್ಲಿ ನೆನಪಾಗುತ್ತದೆ. ಅವರು 39 ಜನರಿಗೆ 45 ನಿಮಿಷ ಬಣ್ಣ, ಜೇಡಿಮಣ್ಣು, ಕಾಗದ ಕೊಟ್ಟು ಬೇಕಾದ್ದು ಮಾಡಲು ಬಿಟ್ಟರು. ಕೆಲಸದ ಮೊದಲು ಮತ್ತು ನಂತರ ಎಂಜಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆದರು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅದು ಇಳಿದಿತ್ತು. ಅವರೆಲ್ಲ ದೊಡ್ಡವರು, ಮಕ್ಕಳಲ್ಲ. ಆದರೂ ಅದರಲ್ಲಿ ಒಂದು ಅಂಶ ನಮಗೆ ತುಂಬಾ ಮುಖ್ಯ: ಮೊದಲೇ ಕಲೆ ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಫಲಿತಾಂಶದಲ್ಲಿ ಹೆಚ್ಚಿನ ವ್ಯತ್ಯಾಸ ಇರಲಿಲ್ಲ. ಚೆಂದ ಬರಬೇಕು ಎಂಬ ಹಟ ಇಲ್ಲಿ ಬೇಡವೇ ಬೇಡ. ಮನಸ್ಸು ಹಗುರಾಗುವುದು ಮಾಡುವಾಗ. ಮಾಡಿದ ವಸ್ತು ಹೇಗೇ ಇರಲಿ.

ಶುರು ಮಾಡುವ ಮೊದಲು

ಮಗು ಚೀರಾಡುತ್ತಾ ಅಳುತ್ತಿರುವಾಗ ಕತ್ತರಿ, ಗಮ್ ತಂದು ಮುಂದಿಡಬೇಡಿ. ಆಗ ಅದಕ್ಕೆ ಬೇಕಾದ್ದು ನಿಮ್ಮ ಮಡಿಲು, ನೀರು, ಸ್ವಲ್ಪ ಸಮಯ. ಈ ವಸ್ತುಗಳನ್ನೆಲ್ಲ ಮಗು ಆರಾಮಾಗಿರುವ ದಿನ ಮಾಡಿಟ್ಟುಕೊಳ್ಳಿ. ತಾನೇ ಮಾಡಿದ, ಮೊದಲೇ ಆಡಿ ಗೊತ್ತಿರುವ ವಸ್ತುವಾದರೆ ಕಷ್ಟದ ಹೊತ್ತಿನಲ್ಲಿ ಮಗು ಅದನ್ನು ಸಲೀಸಾಗಿ ಕೈಗೆತ್ತಿಕೊಳ್ಳುತ್ತದೆ.

ಟಿವಿ, ಮೊಬೈಲು ಆಫ್ ಇರಲಿ. ಮೇಜಿನ ಮೇಲೆ ಹಳೆಯ ಬಟ್ಟೆ ಹಾಸಿ, ಮಗುವಿಗೂ ಹಳೆಯ ಅಂಗಿ ಹಾಕಿ. ‘ಅಯ್ಯೋ, ಚೆಲ್ಲಬೇಡ’ ಎಂದು ಹತ್ತು ಸಲ ಕೂಗಿದರೆ ಕ್ರಾಫ್ಟೇ ಇನ್ನೊಂದು ಟೆನ್ಶನ್ ಆಗಿಬಿಡುತ್ತದೆ. ಚಿಕ್ಕ ಮಕ್ಕಳಿಗೆ ಹತ್ತು ಹದಿನೈದು ನಿಮಿಷ ಧಾರಾಳ ಸಾಕು. ಶಾಲೆಗೆ ಹೋಗುವವರು ಅರ್ಧ ಗಂಟೆ ಕೂರಬಹುದು. ನಡುವೆ ಎದ್ದು ಹೋದರೆ ಹೋಗಲಿ ಬಿಡಿ.

ಯಾವ ಮಗುವಿಗೆ ಯಾವ ಕೆಲಸ ಎಂಬುದನ್ನೂ ಸ್ವಲ್ಪ ಯೋಚಿಸಿ. ಸಿಟ್ಟು ತುಂಬಿಕೊಂಡ, ಒಂದು ಕಡೆ ನಿಲ್ಲಲಾಗದ ಮಗುವಿಗೆ ಸೂಕ್ಷ್ಮ ಕೆಲಸ ಕೊಟ್ಟರೆ ರೇಗಾಟ ಇನ್ನೂ ಹೆಚ್ಚುತ್ತದೆ. ಅದಕ್ಕೆ ಮೊದಲು ಬಲ ಹಾಕುವ ಕೆಲಸ ಬೇಕು: ಹಿಟ್ಟು ನಾದುವುದು, ಹಳೆಯ ಪೇಪರ್ ಹರಿಯುವುದು. ಹರಿದ ಚೂರುಗಳನ್ನು ಆಮೇಲೆ ಅಂಟಿಸಿ ಚಿತ್ರ ಮಾಡಬಹುದು. ಒಳಗೊಳಗೇ ಕೊರಗುವ ಮಗುವಿಗೆ ನೇಯ್ಗೆ, ಗೊಂಬೆ ಸುತ್ತುವುದು ಹೊಂದುತ್ತದೆ. ಸ್ವಲ್ಪ ತಪ್ಪಾದರೂ ಪೇಪರ್ ಮುದುಡಿ ಎಸೆಯುವ ಮಗುವಿಗೆ ‘ಇದು ಹೀಗೇ ಇರಬೇಕು’ ಎಂಬ ಮಾದರಿಯೇ ಇಲ್ಲದ ಕೆಲಸ ಕೊಡಿ. ಹಿಟ್ಟು ಅದಕ್ಕೆ ಎಲ್ಲಕ್ಕಿಂತ ಒಳ್ಳೆಯದು.

1. ನಾದುವ ಹಿಟ್ಟು

ಅಂಗಡಿಯಲ್ಲಿ ಸಿಗುವ ಬಣ್ಣದ ಹಿಟ್ಟಿಗಿಂತ ಮನೆಯಲ್ಲಿ ಮಾಡಿದ್ದೇ ಇದಕ್ಕೆ ಮೇಲು. ಅಳೆಯುವುದು, ಕಲಸುವುದು, ಬೆಚ್ಚಗಿರುವಾಗ ನಾದುವುದು, ಇವೂ ಸಮಾಧಾನ ಕೊಡುವ ಕೆಲಸಗಳೇ ಅಲ್ವಾ?

ಬೇಕಾಗುವುದು: ಮೈದಾ 1 ಕಪ್, ಪುಡಿ ಉಪ್ಪು ಅರ್ಧ ಕಪ್, ನೀರು 1 ಕಪ್, ಅಡುಗೆ ಎಣ್ಣೆ 1 ದೊಡ್ಡ ಚಮಚ, ನಿಂಬೆರಸ 1 ದೊಡ್ಡ ಚಮಚ, ತಿನ್ನುವ ಬಣ್ಣ ಕೆಲವು ಹನಿ.

ಮೊದಲು ಮೈದಾ ಮತ್ತು ಉಪ್ಪನ್ನು ಪಾತ್ರೆಯಲ್ಲಿ ಬೆರೆಸಿ. ಅಳತೆ ಮಗುವೇ ಮಾಡಲಿ. ನೀರು, ಎಣ್ಣೆ, ನಿಂಬೆರಸ, ಬಣ್ಣ ಸೇರಿಸಿ ಗಂಟಿಲ್ಲದಂತೆ ಕಲಕಿ. ಈಗ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಒಲೆಯ ಕೆಲಸ ದೊಡ್ಡವರದು. ಸಣ್ಣ ಉರಿಯಲ್ಲಿ ಬಿಡದೆ ಕೈಯಾಡಿಸಿ. ಮೂರರಿಂದ ಐದು ನಿಮಿಷದಲ್ಲಿ ಹಿಟ್ಟು ಗಟ್ಟಿಯಾಗಿ, ತಳ ಬಿಟ್ಟು ಒಂದೇ ಉಂಡೆಯಾಗುತ್ತದೆ. ಇಳಿಸಿ, ಮುಟ್ಟಿದರೆ ಸುಡದಷ್ಟು ಆರಲು ಬಿಡಿ. ಇನ್ನೂ ಬೆಚ್ಚಗಿರುವಾಗಲೇ ಮಗುವಿನ ಕೈಗೆ ಕೊಡಿ. ಆ ಬಿಸುಪೇ ಇದರ ಸೊಗಸು.

ಹಿಟ್ಟು ಕೈಗೆ ಅಂಟಿದರೆ ಇನ್ನೊಂದು ಚಮಚ ಮೈದಾ ಸೇರಿಸಿ ನಾದಿ. ಬಿರುಕು ಬಿಟ್ಟರೆ ಒಂದೆರಡು ಹನಿ ನೀರು ಸಾಕು. ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಕೆಲವು ವಾರ ಬಾಳುತ್ತದೆ. ಉಪ್ಪು ತೇವ ಎಳೆಯುವುದರಿಂದ ತೇವದ ಹವೆಯಲ್ಲಿ ಅಂಟಂಟಾಗಬಹುದು, ಆಗ ಮತ್ತೆ ಸ್ವಲ್ಪ ಮೈದಾ ಹಾಕಿ. ಬೂಸು ಕಂಡರೆ ಅಥವಾ ವಾಸನೆ ಬಂದರೆ ಎಸೆದುಬಿಡಿ.

ಕೈಗೆ ಕೊಟ್ಟು ‘ಹೂವು ಮಾಡು, ಆನೆ ಮಾಡು’ ಎಂದು ಹೇಳುವುದು ಬೇಡ. ‘ಗಟ್ಟಿಯಾಗಿ ಹಿಂಡು, ಈಗ ಮೆಲ್ಲಗೆ ಬಿಡು’ ಎನ್ನಿ. ಹಿಂಡುವಾಗ ಮುಷ್ಟಿ ಬಿಗಿಯಾಗುತ್ತದೆ, ಬಿಟ್ಟಾಗ ಸಡಿಲವಾಗುತ್ತದೆ. ಬಿಗಿ ಮಾಡಿ ಸಡಿಲ ಬಿಟ್ಟಾಗ ಮೈಯ ಬಿಗುವು ಎಲ್ಲಿದೆ ಎಂಬುದು ಮಗುವಿಗೆ ತಾನಾಗಿ ತಿಳಿಯುತ್ತದೆ. ಮುಷ್ಟಿಯ ಆಟ ಆದ ಮೇಲೆ ಹಾವಿನಂತೆ ಉದ್ದಕ್ಕೆ ಹೊಸೆಯಲು ಹೇಳಿ. ಅಂಗೈಯಲ್ಲಿ ಹಿಂದೆ ಮುಂದೆ, ಹಿಂದೆ ಮುಂದೆ. ಮೊದಲು ಬಲ, ಆಮೇಲೆ ನಿಧಾನ. ಈ ಸರದಿ ಎಲ್ಲ ಕೆಲಸಗಳಲ್ಲೂ ಚೆನ್ನಾಗಿ ನಡೆಯುತ್ತದೆ.

ಕೆಲವು ಮಕ್ಕಳಿಗೆ ಕೈ ಅಂಟಾಗುವುದು ಸ್ವಲ್ಪವೂ ಆಗಿಬರುವುದಿಲ್ಲ. ಅದು ಹಟ ಅಲ್ಲ. ಅಂಥವರಿಗೆ ಹಿಟ್ಟನ್ನು ಗಟ್ಟಿಯಾದ ಜಿಪ್ ಕವರಿನಲ್ಲಿ ಹಾಕಿ, ಗಾಳಿ ತೆಗೆದು ಮುಚ್ಚಿ, ಅಂಚಿಗೆ ಟೇಪ್ ಹಚ್ಚಿ ಕೊಡಿ. ಹೊರಗಿಂದಲೇ ಒತ್ತಬಹುದು.

ಇದರಲ್ಲಿ ಉಪ್ಪು ವಿಪರೀತ ಇದೆ. ಬಾಯಿಗೆ ಹಾಕುವ ವಯಸ್ಸಿನ ಮಗುವಿದ್ದರೆ ಪಕ್ಕದಲ್ಲೇ ಕೂರಿ. ಮನೆಯಲ್ಲಿ ನಾಯಿ ಇದ್ದರೆ ಅದಕ್ಕೆ ಸಿಗದಂತೆ ಎತ್ತಿಡಿ, ಅಷ್ಟು ಉಪ್ಪು ನಾಯಿಗೆ ಅಪಾಯ. ಹಸಿ ಮೈದಾದಲ್ಲೂ ರೋಗಾಣು ಇರಬಹುದು, ಕಲಸುವಾಗ ನೆಕ್ಕಲು ಬಿಡಬೇಡಿ.

ಬಲೂನಿನೊಳಗೆ ಹಿಟ್ಟು ತುಂಬಿ ಹಿಂಡುವ ಚೆಂಡು ಮಾಡುವುದನ್ನೂ ನೀವು ನೋಡಿರಬಹುದು. ಎಂಟು ವರ್ಷ ದಾಟಿದ ಮಕ್ಕಳಿಗೆ ಮಾತ್ರ ಮಾಡಿಕೊಡಿ. ಒಡೆದ ಬಲೂನಿನ ಚೂರು ಗಂಟಲಿಗೆ ಸಿಕ್ಕಿಕೊಂಡರೆ ಉಸಿರೇ ಕಟ್ಟುತ್ತದೆ. ರಬ್ಬರಿನ ಅಲರ್ಜಿ ಇರುವವರಿಗೆ ಬೇಡ. ಒಂದರ ಮೇಲೊಂದು ಎರಡು ಬಲೂನು ಹಾಕಿ, ಬಿರುಕು ಕಂಡ ದಿನವೇ ಎಸೆಯಿರಿ.

2. ಮಿಂಚಿನ ಬಾಟಲಿ

ಅಲ್ಲಾಡಿಸಿದರೆ ಒಳಗಿನ ಗ್ಲಿಟರ್ ಎದ್ದು ಸುಳಿಯುತ್ತದೆ, ಇಟ್ಟರೆ ಮೆಲ್ಲಗೆ ಇಳಿಯುತ್ತದೆ. ನೋಡುತ್ತಾ ಕೂತರೆ ಉಸಿರೂ ಅದರ ಜೊತೆ ಇಳಿಯುತ್ತದೆ. ಇದನ್ನು ಒಮ್ಮೆ ಸರಿಯಾಗಿ ಮಾಡಿದರೆ ತಿಂಗಳುಗಟ್ಟಲೆ ಇರುತ್ತದೆ.

ಅರ್ಧ ಲೀಟರಿನ, ಗೆರೆ ಉಬ್ಬು ಇಲ್ಲದ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಗಾಜು ಬೇಡ. ಸಿಟ್ಟಿನಲ್ಲಿರುವ ಮಗುವಿನ ಕೈಗೆ ಹೋಗುವ ವಸ್ತು ಇದು. ಪಾರದರ್ಶಕ ಗಮ್ ಬೇಕು. ಬಿಳಿ ಗಮ್ ಹಾಕಿದರೆ ನೀರು ಹಾಲಿನಂತಾಗಿ ಒಳಗೇನೂ ಕಾಣುವುದಿಲ್ಲ.

ಬಾಟಲಿಯ ಕಾಲು ಭಾಗದಷ್ಟು ಗಮ್ ಸುರಿಯಿರಿ. ಉಗುರು ಬೆಚ್ಚಗಿನ ನೀರನ್ನು ಮುಕ್ಕಾಲು ಭಾಗದವರೆಗೆ ತುಂಬಿಸಿ. ತಣ್ಣೀರಲ್ಲಿ ಗಮ್ ಗಂಟು ಗಂಟಾಗಿ ನಿಲ್ಲುತ್ತದೆ. ಮುಚ್ಚಳ ಹಾಕಿ ಚೆನ್ನಾಗಿ ಅಲ್ಲಾಡಿಸಿ. ನಂತರ ಎರಡು ಮೂರು ಚಿಕ್ಕ ಚಮಚ ಗ್ಲಿಟರ್, ಒಂದೇ ಒಂದು ಹನಿ ಬಣ್ಣ, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ. ಈ ಕೊನೆಯ ಹನಿಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಅದಿಲ್ಲದಿದ್ದರೆ ಗ್ಲಿಟರ್ ನೀರಿನ ಮೇಲೇ ಪದರವಾಗಿ ತೇಲಿ ನಿಂತುಬಿಡುತ್ತದೆ. ಬಣ್ಣ ಜಾಸ್ತಿಯಾದರೂ ಮಿಂಚು ಕಾಣುವುದಿಲ್ಲ.

ಈಗ ಪರೀಕ್ಷೆ. ಅಲ್ಲಾಡಿಸಿ, ಮೇಜಿನ ಮೇಲಿಟ್ಟು, ಗ್ಲಿಟರ್ ಪೂರ್ತಿ ಇಳಿಯಲು ಎಷ್ಟು ಹೊತ್ತು ಬೇಕು ಎಂದು ಗಡಿಯಾರ ನೋಡಿ. ಎರಡರಿಂದ ಮೂರು ನಿಮಿಷ ಸರಿಯಾದ ಹದ. ಅರ್ಧ ನಿಮಿಷಕ್ಕೇ ತಳ ಸೇರಿದರೆ ಗಮ್ ಸೇರಿಸಿ. ಐದು ನಿಮಿಷವಾದರೂ ಇಳಿಯದಿದ್ದರೆ ಸ್ವಲ್ಪ ದ್ರವ ಚೆಲ್ಲಿ ನೀರು ಸೇರಿಸಿ. ಗಮ್ ಹೆಚ್ಚಿದಷ್ಟೂ ದ್ರವ ಮಂದವಾಗುತ್ತದೆ, ಗ್ಲಿಟರ್ ಇಳಿಯುವುದು ತಡವಾಗುತ್ತದೆ. ಎಂಟು ಹತ್ತು ವರ್ಷದ ಮಕ್ಕಳಿಗೆ ಈ ಹೊಂದಾಣಿಕೆಯನ್ನು ಪೂರ್ತಿ ಬಿಟ್ಟುಕೊಡಿ. ಸಣ್ಣ ವಿಜ್ಞಾನಿಗಳ ಹಾಗೆ ಮುಳುಗಿಹೋಗುತ್ತಾರೆ.

ಮೇಲೆ ಎರಡು ಬೆರಳಿನಷ್ಟು ಜಾಗ ಖಾಲಿ ಬಿಡಿ, ಇಲ್ಲದಿದ್ದರೆ ಒಳಗೆ ಸುಳಿ ಏಳುವುದಿಲ್ಲ. ಹದ ಸರಿಬಂದ ಮೇಲೆ ಒಂದು ದಿನ ಹಾಗೇ ಬಿಟ್ಟು ನೋಡಿ. ನಂತರ ಬಾಟಲಿಯ ಬಾಯಿ ಒರೆಸಿ ಒಣಗಿಸಿ, ದೊಡ್ಡವರು ಬಲವಾದ ಅಂಟು ಹಚ್ಚಿ ಮುಚ್ಚಳವನ್ನು ಕಾಯಂ ಮಾಡಿ.

ಇದನ್ನು ಶಿಕ್ಷೆಯ ಬಾಟಲಿ ಮಾಡಬೇಡಿ ಎಂಬುದು ನನ್ನ ಕಳಕಳಿಯ ಮಾತು. ‘ಹೋಗು, ಅದು ಇಳಿಯೋವರೆಗೂ ಮೂಲೆಯಲ್ಲಿ ಕೂತಿರು’ ಎಂದರೆ ಮಗು ಆ ಬಾಟಲಿಯನ್ನು ದ್ವೇಷಿಸಲು ಶುರುಮಾಡುತ್ತದೆ. ‘ಬಾ, ಇಬ್ಬರೂ ನೋಡೋಣ’ ಎಂದು ಪಕ್ಕದಲ್ಲಿ ಕೂರಿ.

3. ರಟ್ಟಿನ ಮಗ್ಗದಲ್ಲಿ ನೇಯ್ಗೆ

ಇಷ್ಟೂ ಕೆಲಸಗಳಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು ಇದರ ಮೇಲೆ. ಎರಡೂ ಕೈಗೆ ಕೆಲಸ, ಕಣ್ಣಿಗೆ ಕೆಲಸ, ತಲೆಗೆ ಸ್ವಲ್ಪವೇ ಕೆಲಸ. ಜೊತೆಗೆ ಇದು ಒಂದೇ ದಿನಕ್ಕೆ ಮುಗಿಯುವುದಿಲ್ಲ. ನಿನ್ನೆ ಬಿಟ್ಟ ಜಾಗದಿಂದ ಇವತ್ತು ಮುಂದುವರಿಸಬಹುದು. ದಿನವೂ ಅದೇ ಹೊತ್ತಿಗೆ ನಾಲ್ಕು ಸಾಲು ನೇಯ್ದರೆ ಅದೇ ಒಂದು ಅಭ್ಯಾಸವಾಗುತ್ತದೆ. ದಿನದಲ್ಲಿ ಮುಂದೇನು ಬರುತ್ತದೆ ಎಂದು ಗೊತ್ತಿದ್ದರೆ ಮಕ್ಕಳಿಗೆ ಎಷ್ಟೋ ಧೈರ್ಯ.

ಆರು ವರ್ಷದ ಮೇಲಿನವರಿಗೆ ಇದು ಸರಿ. ಇನ್ನೂ ಚಿಕ್ಕವರಿಗೆ ಎರಡು ಸೆಂಟಿಮೀಟರ್ ಅಗಲದ ಬಣ್ಣದ ಕಾಗದದ ಪಟ್ಟಿಗಳನ್ನು ಹೆಣೆಯಲು ಕೊಡಿ.

10 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಉದ್ದದ ಗಟ್ಟಿ ರಟ್ಟು ಕತ್ತರಿಸಿ. ಮೇಲಿನ ಮತ್ತು ಕೆಳಗಿನ ಅಂಚಿನಲ್ಲಿ 1 ಸೆಂಟಿಮೀಟರಿಗೆ ಒಂದರಂತೆ 9 ಗೆರೆ ಎಳೆದು, ಪ್ರತಿ ಗೆರೆಯನ್ನೂ ಅರ್ಧ ಸೆಂಟಿಮೀಟರ್ ಆಳ ಕತ್ತರಿಸಿ. ಮೇಲಿನ ಕಚ್ಚಿಗೆ ಕೆಳಗಿನ ಕಚ್ಚು ನೇರವಾಗಿರಲಿ. ಇದೇ ಮಗ್ಗ.

ಇನ್ನು ಹಾಸು, ಅಂದರೆ ಉದ್ದಕ್ಕೆ ಬಿಗಿಯುವ ಎಳೆಗಳು. ಗಟ್ಟಿ ಹತ್ತಿ ದಾರದ ತುದಿಯನ್ನು ರಟ್ಟಿನ ಹಿಂಬದಿಗೆ ಟೇಪಿನಿಂದ ಅಂಟಿಸಿ. ಮೇಲಿನ ಮೊದಲ ಕಚ್ಚಿನಿಂದ ಮುಂದಕ್ಕೆ ತಂದು, ಕೆಳಗಿನ ಮೊದಲ ಕಚ್ಚಿಗೆ ಇಳಿಸಿ. ಹಿಂಬದಿಯಿಂದ ಪಕ್ಕದ ಕಚ್ಚಿಗೆ ದಾಟಿಸಿ, ಮತ್ತೆ ಮುಂದೆ ಬಂದು ಮೇಲಕ್ಕೆ. ಹೀಗೆ ಕೊನೆಯವರೆಗೂ ಹೋಗಿ ತುದಿಯನ್ನು ಹಿಂದೆ ಟೇಪ್ ಮಾಡಿ. ದಾರ ಬಿಗಿಯಾಗಿರಲಿ, ಆದರೆ ರಟ್ಟು ಬಾಗುವಷ್ಟು ಬೇಡ.

ಹೊಕ್ಕಿಗೆ, ಅಂದರೆ ಅಡ್ಡಕ್ಕೆ ನೇಯುವ ಎಳೆಗೆ, ದಪ್ಪ ಉಣ್ಣೆ ದಾರ. ಬಣ್ಣ ಮಗುವೇ ಆರಿಸಲಿ. ಒಂದು ಮಾರಿಗಿಂತ ಉದ್ದ ಬೇಡ, ಸಿಕ್ಕಾಗುತ್ತದೆ. ತುದಿಯನ್ನು ಮೊಂಡು ಮೊನೆಯ ಪ್ಲಾಸ್ಟಿಕ್ ಸೂಜಿಗೆ ಪೋಣಿಸಿ, ಅಥವಾ ಐಸ್‌ಕ್ರೀಮ್ ಕಡ್ಡಿಗೆ ಟೇಪ್ ಮಾಡಿ. ಒಂದು ಎಳೆಯ ಮೇಲೆ, ಮುಂದಿನದರ ಕೆಳಗೆ, ಮತ್ತೆ ಮೇಲೆ, ಮತ್ತೆ ಕೆಳಗೆ. ವಾಪಸು ಬರುವಾಗ ಹಿಂದಿನ ಸಾಲಿನಲ್ಲಿ ಮೇಲೆ ಹೋದಲ್ಲಿ ಕೆಳಗೆ, ಕೆಳಗೆ ಹೋದಲ್ಲಿ ಮೇಲೆ. ‘ಮೇಲೆ, ಕೆಳಗೆ’ ಎಂದು ಮಗು ಗುನುಗಿಕೊಂಡರೆ ತುಂಬಾ ಒಳ್ಳೆಯದು. ಆ ಲಯವೇ ನಮಗೆ ಬೇಕಾದದ್ದು.

ಎಲ್ಲರಿಗೂ ಬರುವ ಒಂದು ತೊಂದರೆ ಇದೆ. ನೇಯುತ್ತಾ ಹೋದಂತೆ ಎರಡೂ ಅಂಚು ಒಳಕ್ಕೆ ಎಳೆದುಕೊಂಡು, ನಡುವಿನಲ್ಲಿ ಸೊಂಟದಂತೆ ಕಿರಿದಾಗುತ್ತದೆ. ಹೊಕ್ಕಿನ ದಾರವನ್ನು ನೇರ ಎಳೆಯುವುದೇ ಕಾರಣ. ದಾರವನ್ನು ಓರೆಯಾಗಿ, ಸ್ವಲ್ಪ ಕಮಾನಿನಂತೆ ಬಿಟ್ಟು, ಆಮೇಲೆ ಬಾಚಣಿಗೆಯಿಂದ ಕೆಳಕ್ಕೆ ತಳ್ಳಿದರೆ ಅಂಚು ನೇರ ನಿಲ್ಲುತ್ತದೆ. ಮಗುವಿಗೆ ಇದನ್ನು ಒಮ್ಮೆ ತೋರಿಸಿ ಸುಮ್ನಿರಿ. ಸೊಂಟ ಬಂದರೂ ಪರವಾಗಿಲ್ಲ. ಒಂದೆಳೆ ತಪ್ಪಿದರೆ ಬಿಚ್ಚಿಸಬೇಡಿ.

ಮುಗಿದ ಮೇಲೆ ರಟ್ಟನ್ನು ಸ್ವಲ್ಪ ಬಾಗಿಸಿ ಕುಣಿಕೆಗಳನ್ನು ಕಚ್ಚಿನಿಂದ ಬಿಡಿಸಿ. ಸಡಿಲ ಎನಿಸಿದರೆ ಕುಣಿಕೆಗಳನ್ನು ಕತ್ತರಿಸಿ ಎರಡೆರಡು ಎಳೆ ಸೇರಿಸಿ ಗಂಟು ಹಾಕಿ. ಕೈ ಪಳಗಿದವರು ದುಂಡಗಿನ ರಟ್ಟಿನಲ್ಲಿ ನಡುವಿನಿಂದ ಸುತ್ತ ಸುತ್ತ ನೇಯಬಹುದು. ಅದಕ್ಕೆ ಮಾತ್ರ ಹಾಸಿನ ಎಳೆಗಳು ಬೆಸ ಸಂಖ್ಯೆಯಲ್ಲೇ ಇರಬೇಕು. ಸಮ ಸಂಖ್ಯೆಯಾದರೆ ಎರಡನೇ ಸುತ್ತಿನಲ್ಲೂ ದಾರ ಅದೇ ಎಳೆಗಳ ಮೇಲೆ ಬಂದು ನೇಯ್ಗೆ ನಿಲ್ಲುವುದಿಲ್ಲ.

4. ಉಸಿರಾಟದ ಹಸ್ತ

ಮಾಡಲು ಸುಲಭ, ಬ್ಯಾಗಿನಲ್ಲಿ ಹಿಡಿಯುತ್ತದೆ. ಗಟ್ಟಿ ಕಾರ್ಡಿನ ಮೇಲೆ ಮಗು ಬೆರಳು ಅಗಲಿಸಿ ಕೈ ಇಡಲಿ, ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಗೆರೆಯ ಮೇಲೆ ಗಮ್ ಹಚ್ಚಿ, ಉಣ್ಣೆ ದಾರವನ್ನು ಉದ್ದಕ್ಕೂ ಒತ್ತಿ ಅಂಟಿಸಿ. ಒಳಗೆ ಬೇಕಾದ ಬಣ್ಣ ಹಾಕಿ ರಾತ್ರಿಯಿಡೀ ಒಣಗಲು ಬಿಡಿ.

ಬಳಸುವುದು ಹೀಗೆ: ಇನ್ನೊಂದು ಕೈಯ ತೋರುಬೆರಳನ್ನು ದಾರದ ಮೇಲಿಟ್ಟು, ಹೆಬ್ಬೆರಳಿನ ಬುಡದಿಂದ ತುದಿಗೆ ಏರುವಾಗ ಮೂಗಿನಿಂದ ಉಸಿರು ತೆಗೆದುಕೊಳ್ಳಬೇಕು. ಆಚೆ ಬದಿಯಲ್ಲಿ ಇಳಿಯುವಾಗ ಬಾಯಿಯಿಂದ ಮೆಲ್ಲಗೆ ಬಿಡಬೇಕು. ಐದು ಬೆರಳಿಗೆ ಐದು ಉಸಿರು. ಏರುವುದಕ್ಕಿಂತ ಇಳಿಯುವುದು ನಿಧಾನವಾಗಿರಲಿ, ಏಕೆಂದರೆ ಉಸಿರು ಬಿಡುವಾಗ ಹೃದಯದ ಬಡಿತ ಸ್ವಲ್ಪ ಇಳಿಯುತ್ತದೆ. ಉಸಿರು ಹಿಡಿದಿಟ್ಟುಕೊಳ್ಳುವುದು ಬೇಡ. ಪರೀಕ್ಷೆಯ ಹಾಲಿನಲ್ಲಿ ಕಾರ್ಡ್ ಇಲ್ಲದಿದ್ದರೂ ಮಗು ಡೆಸ್ಕಿನ ಕೆಳಗೆ ತನ್ನ ಕೈಯನ್ನೇ ಸವರಿಕೊಳ್ಳಬಹುದು.

5. ಚಿಂತೆ ಕೇಳುವ ಗೊಂಬೆಗಳು

ಗ್ವಾಟೆಮಾಲಾದ ಮಾಯಾ ಜನರಲ್ಲಿ ಬೆರಳುದ್ದದ ಪುಟ್ಟ ಗೊಂಬೆಗಳಿಗೆ ಮಲಗುವ ಮುಂಚೆ ಒಂದೊಂದು ಚಿಂತೆ ಹೇಳಿ ದಿಂಬಿನಡಿ ಇಡುವ ರೂಢಿ ಇದೆ. ಮನೆಯಲ್ಲಿ ಮಾಡುವಾಗ ಐಸ್‌ಕ್ರೀಮ್ ಕಡ್ಡಿಯನ್ನು ಅರ್ಧ ಮುರಿದು, ಮುರಿದ ತುದಿಯನ್ನು ದೊಡ್ಡವರು ಉಜ್ಜಿ ನುಣುಪು ಮಾಡಿ. ದುಂಡಗಿನ ತುದಿಯೇ ತಲೆ. ಕುತ್ತಿಗೆಯಿಂದ ಕೆಳಗೆ ಗಮ್ ಹಚ್ಚಿ ಬಣ್ಣದ ದಾರವನ್ನು ಒತ್ತೊತ್ತಾಗಿ ಸುತ್ತಿದರೆ ಅಂಗಿ ಆಯಿತು. ಹಳೆ ಬಟ್ಟೆಯ ಚೂರು ಸುತ್ತಿದರೆ ಲಂಗ ಅಥವಾ ಪಂಚೆ. ಕಣ್ಣು, ಬಾಯಿ ಪೆನ್ನಿನಲ್ಲಿ. ನಾಲ್ಕೈದು ಗೊಂಬೆ ಸಾಕು. ಬಾಯಿಗೆ ಹಾಕುವ ತಮ್ಮ ತಂಗಿಯರಿದ್ದರೆ ಎತ್ತರದಲ್ಲಿಡಿ.

ಮಗು ಗೊಂಬೆಗೆ ಪಿಸುಗುಟ್ಟಿದ್ದನ್ನು ‘ಏನು ಹೇಳಿದೆ?’ ಎಂದು ಕೆದಕಬೇಡಿ. ಬೇಕೆನಿಸಿದರೆ ತಾನೇ ಹೇಳುತ್ತದೆ. ‘ಬೆಳಗ್ಗೆ ಅಷ್ಟರಲ್ಲಿ ಎಲ್ಲ ಸರಿಹೋಗುತ್ತೆ’ ಎಂಬ ಮಾತೂ ಕೊಡಬೇಡಿ. ‘ರಾತ್ರಿ ಅದು ಗೊಂಬೆ ಹತ್ರ ಇರ್ಲಿ, ನೀನು ಮಲಗು’ ಎಂದರೆ ಸಾಕು.

ನಿಮ್ಮ ಪಾತ್ರ

ನೀವೂ ಒಂದು ಮಗ್ಗ, ಒಂದು ಉಂಡೆ ಹಿಟ್ಟು ಹಿಡಿದು ಪಕ್ಕದಲ್ಲಿ ಕೂರಿ. ಮಗುವಿನ ಕೆಲಸಕ್ಕೆ ಕೈ ಹಾಕಬೇಡಿ. ‘ವಾವ್, ಎಷ್ಟು ಚೆನ್ನಾಗಿದೆ’ ಎಂದು ಪದೇ ಪದೇ ಹೊಗಳಿದರೆ ಮುಂದಿನದೂ ಚೆನ್ನಾಗಿರಲೇಬೇಕು ಎಂಬ ಭಾರ ಬೀಳುತ್ತದೆ. ‘ಇವತ್ತು ನೀಲಿ ಜಾಸ್ತಿ ಹಾಕಿದ್ದೀಯ’ ಎಂದು ಕಂಡದ್ದನ್ನು ಹೇಳಿ.

ಎದುರು ಕೂರಿಸಿಕೊಂಡು ‘ಏನಾಯ್ತು ಹೇಳು’ ಎಂದರೆ ಬಾಯಿಬಿಡದ ಮಗು, ಕೈ ಕೆಲಸದಲ್ಲಿರುವಾಗ, ಕಣ್ಣಿಗೆ ಕಣ್ಣು ಕೊಡಬೇಕಿಲ್ಲದಾಗ ತಾನಾಗಿ ಮಾತು ತೆಗೆಯುತ್ತದೆ. ಆಗ ನೀವು ಕೈ ನಿಲ್ಲಿಸಿ ತಿರುಗಿ ನೋಡಿದರೆ ಮಾತೂ ನಿಂತೀತು. ದಾರ ಎಳೆಯುತ್ತಲೇ ‘ಹೌದಾ? ಆಮೇಲೆ?’ ಎನ್ನಿ. ಪರಿಹಾರ ಹೇಳುವ ಆತುರ ಬೇಡ, ‘ಅದಕ್ಕೆಲ್ಲ ಅಳ್ತಾರಾ’ ಎಂಬ ಮಾತಂತೂ ಬೇಡವೇ ಬೇಡ.

ಕೈಕೆಲಸಕ್ಕೆ ಒಂದು ಮಿತಿಯೂ ಇದೆ. ನಿದ್ದೆ, ಊಟ, ಶಾಲೆ ಎರಡು ವಾರಕ್ಕೂ ಹೆಚ್ಚು ಏರುಪೇರಾಗಿದ್ದರೆ, ಮೊದಲು ಇಷ್ಟಪಡುತ್ತಿದ್ದ ಯಾವುದೂ ಬೇಡವಾಗಿದ್ದರೆ ಮಕ್ಕಳ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ತನಗೆ ತಾನೇ ನೋವು ಮಾಡಿಕೊಳ್ಳುತ್ತಿದ್ದರೆ ಅಥವಾ ಸಾಯುವ ಮಾತಾಡಿದರೆ ಒಂದು ದಿನವೂ ಕಾಯಬೇಡಿ. ಮಗುವಿನ ಭಯಕ್ಕೆ ಹೊಡೆತ, ಬೆದರಿಕೆ, ಶಾಲೆಯಲ್ಲಿ ಪೀಡನೆ ಕಾರಣವಾಗಿದ್ದರೆ ಮೊದಲು ಅದು ನಿಲ್ಲಬೇಕು.

ಬೇಡವಾದ ವಸ್ತುಗಳು, ಮತ್ತೆ ಪೆಟ್ಟಿಗೆ

ನೀರಲ್ಲಿ ಊದುವ ಬಣ್ಣದ ಮಣಿಗಳನ್ನು ಚಿಕ್ಕ ಮಕ್ಕಳಿರುವ ಮನೆಗೆ ತರಲೇಬೇಡಿ. ನುಂಗಿದರೆ ಹೊಟ್ಟೆಯೊಳಗೂ ಊದಿಕೊಂಡು ಕರುಳಿಗೆ ಅಡ್ಡ ನಿಲ್ಲುತ್ತವೆ. ಬೋರಾಕ್ಸ್ (ಬಿಳಿಗಾರ) ಹಾಕಿ ಸ್ಲೈಮ್ ಎಂಬ ಲೋಳೆಯಂಥ ಆಟದ ವಸ್ತು ಮಾಡುವುದೂ ಬೇಡ, ಅದು ಚರ್ಮಕ್ಕೆ ಒಳ್ಳೆಯದಲ್ಲ. ಮೂರು ವರ್ಷದೊಳಗಿನವರಿಗೆ ಮಣಿ, ಗುಂಡಿ ಯಾವುದೂ ಸಿಗಬಾರದು. ಬಿಸಿ ಗಮ್ ಗನ್ ದೊಡ್ಡವರ ಕೈಯಲ್ಲೇ ಇರಲಿ.

ಮಾಡಿದ್ದನ್ನೆಲ್ಲ ಇಡಲು ಒಂದು ಹಳೆಯ ಶೂ ಡಬ್ಬಿ ಸಾಕು. ಮಗು ಅದಕ್ಕೆ ಬಣ್ಣ ಹಚ್ಚಿ ಹೆಸರಿಡಲಿ. ಮಗುವಿನ ಕೈಗೆ ಎಟಕುವ ಕಡೆ ಇಡಿ, ಕೇಳದೆ ತೆಗೆದುಕೊಳ್ಳಲು ಬಿಡಿ. ಮುನಿಸು ಏರುತ್ತಿದೆ ಅನಿಸಿದಾಗ ‘ಡಬ್ಬಿ ತರಲಾ, ಇಲ್ಲಾ ನನ್ನ ಹತ್ರ ಕೂರ್ತೀಯಾ?’ ಎಂದು ಎರಡು ಆಯ್ಕೆ ಕೊಡಿ. ಎರಡೂ ಬೇಡ ಅಂದರೆ ಒತ್ತಾಯ ಬೇಡ. ಎರಡು ವಾರಕ್ಕೊಮ್ಮೆ ಮಗುವಿನ ಜೊತೆ ಡಬ್ಬಿ ತೆಗೆದು ನೋಡಿ: ಹಿಟ್ಟು ಹಾಳಾಗಿದೆಯಾ, ಬಾಟಲಿ ಸೋರುತ್ತಿದೆಯಾ, ಮಗ್ಗಕ್ಕೆ ದಾರ ಬೇಕಾ. ಯಾವುದನ್ನು ಮುಟ್ಟಿಯೇ ಇಲ್ಲವೋ ಅದನ್ನು ತೆಗೆದು, ಅದರ ಜಾಗಕ್ಕೆ ಮುಂದೆ ಏನು ಮಾಡೋಣ ಎಂದು ಮಗುವನ್ನೇ ಕೇಳಿ.